ಎಲ್ಕ್ ಬೇಟೆಯಲ್ಲಿ ಕುದುರೆ ಮತ್ತು ಹೇರು ಪ್ರಾಣಿಗಳ ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೊಂಟಾನಾದಲ್ಲಿ ನೆಲೆಸಿದ್ದು, ಪ್ರತಿ ವರ್ಷ ಶರತ್ಕಾಲದಲ್ಲಿ ಕುದುರೆ ಮತ್ತು ಹೇಸರಗತ್ತೆಗಳೊಡನೆ ಬೆಟ್ಟ ಹತ್ತುತ್ತೇನೆ. ಡೆನ್ವರ್, ಸಿಯಾಟಲ್ ಮತ್ತು ಸಾಲ್ಟ್ ಲೇಕ್ ಸಿಟಿಗಳಲ್ಲಿರುವ ಕನ್ನಡಿಗ ಸ್ನೇಹಿತರು ಈ ಬಗ್ಗೆ ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಪ್ರಾಣಿಗಳ ಬೇಟೆ ಅಪರಾಧ. ಇಲ್ಲಿ ಹೇಳಿರುವುದೆಲ್ಲ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಪರವಾನಗಿ ಪಡೆದು ನಡೆಸುವ ಬೇಟೆಗೆ ಮಾತ್ರ ಅನ್ವಯಿಸುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆಯಾ ರಾಜ್ಯದ ಆ ವರ್ಷದ ನಿಯಮಾವಳಿಯನ್ನು ಓದದೆ ಯಾರೂ ಹೊರಡಬಾರದು.

ಎಲ್ಕ್ ಎಂದರೆ ನಮ್ಮ ಕಡವೆಯೇ?

ಅಲ್ಲ. ಎರಡೂ ಜಿಂಕೆಯ ಕುಟುಂಬಕ್ಕೆ ಸೇರಿದವು, ಆದರೆ ಬೇರೆ ಬೇರೆ ಜಾತಿಗಳು. ಎಲ್ಕ್‌ಗೆ ವಾಪಿಟಿ ಎಂಬ ಇನ್ನೊಂದು ಹೆಸರಿದೆ. ಅದು ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನರ ಭಾಷೆಯಿಂದ ಬಂದ ಪದ. ಪ್ರಾಣಿಯ ಬಿಳಿ ಪೃಷ್ಠವನ್ನು ಸೂಚಿಸುತ್ತದೆ. ಯುರೋಪಿನಲ್ಲಿ ಎಲ್ಕ್ ಎಂದರೆ ಮೂಸ್ ಎಂಬ ಬೇರೆಯೇ ಪ್ರಾಣಿಯಾದ್ದರಿಂದ, ಓದುವಾಗ ಗೊಂದಲವಾಗದಂತೆ ನೋಡಿಕೊಳ್ಳಬೇಕು. ರಾಕಿ ಪರ್ವತಗಳ ಬೆಳೆದ ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೋ. ಮುಂದೆ ಬರುವ ಪ್ರಶ್ನೆಗಳೆಲ್ಲ ಹುಟ್ಟುವುದು ಈ ತೂಕದಿಂದಲೇ.

ಕುದುರೆ ಏಕೆ ಬೇಕು? ಮಾಂಸವನ್ನು ಬೆನ್ನ ಮೇಲೆ ಹೊತ್ತು ತರಬಾರದೇ?

ತರಬಹುದು, ಬಹಳ ಜನ ತರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಬೆಳೆದ ಗಂಡು ಎಲ್ಕ್‌ನಿಂದ ಮೂಳೆ ಬಿಡಿಸಿದ ಮೇಲೂ 90ರಿಂದ 110 ಕಿಲೋ ಮಾಂಸ ಸಿಗುತ್ತದೆ. ಗಟ್ಟಿಮುಟ್ಟಾದ ಆಳು ಒಂದು ಸಲಕ್ಕೆ 30 ಕಿಲೋ ಹೊತ್ತರೂ ನಾಲ್ಕು ಸಲ ಹೊರಬೇಕಾಗುತ್ತದೆ. ಪ್ರಾಣಿ ಬಿದ್ದ ಜಾಗ ರಸ್ತೆಯಿಂದ 10 ಕಿಲೋಮೀಟರ್ ಒಳಗಿದ್ದರೆ, ಹೊತ್ತು ನಡೆಯುವುದು 40 ಕಿಲೋಮೀಟರ್, ಬರಿಗೈಯಲ್ಲಿ ಮರಳುವುದು 30 ಕಿಲೋಮೀಟರ್. ಸೆಪ್ಟೆಂಬರ್‌ನ ಬಿಸಿಲಿನಲ್ಲಿ ಆ ಹೊತ್ತಿಗೆ ಉಳಿದ ಮಾಂಸ ಕೆಟ್ಟಿರುತ್ತದೆ.

ವಾಹನ ಒಯ್ಯುವ ದಾರಿಯೂ ಇಲ್ಲ. 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಘೋಷಿಸಿದ ಕಾಡುಗಳಲ್ಲಿ ಮೋಟಾರು ವಾಹನವಷ್ಟೇ ಅಲ್ಲ, ಸೈಕಲ್ಲನ್ನೂ ಚಕ್ರದ ಕೈಗಾಡಿಯನ್ನೂ ಬಳಸುವಂತಿಲ್ಲ. ಮೊಂಟಾನಾದ ಬಾಬ್ ಮಾರ್ಷಲ್ ಅರಣ್ಯವೊಂದೇ 10 ಲಕ್ಷ ಎಕರೆ ಇದೆ. ಅದಕ್ಕೆ ಹೊಂದಿಕೊಂಡ ಗ್ರೇಟ್ ಬೇರ್ ಮತ್ತು ಸ್ಕೇಪ್‌ಗೋಟ್ ಸೇರಿದರೆ ಸುಮಾರು 15 ಲಕ್ಷ ಎಕರೆ. ಐಡಾಹೋದಲ್ಲಿ 1980ರಲ್ಲಿ ಘೋಷಿತವಾದ ಫ್ರಾಂಕ್ ಚರ್ಚ್ ಅರಣ್ಯ 23 ಲಕ್ಷ ಎಕರೆಗೂ ಹೆಚ್ಚು. ಇಂಥ ಕಡೆ ಕಾಲ್ನಡಿಗೆ ಬಿಟ್ಟರೆ ಗೊರಸಿನ ನಡಿಗೆಯೇ ಗತಿ.

ನಿಮ್ಮ ಬೇಟೆ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೇ ನಡೆಯುವುದಾದರೆ ಕುದುರೆಯ ಗೋಜಿಗೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಪ್ರಾಣಿಗಳ ಆರೈಕೆಗೆ ದಿನಕ್ಕೆ ಮೂರು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತನ್ನು ಬೇಟೆಗೇ ಕೊಡುವುದು ಒಳ್ಳೆಯದು.

ಕುದುರೆ ಒಳ್ಳೆಯದೋ, ಹೇಸರಗತ್ತೆಯೋ?

ಸವಾರಿಗೆ ಕುದುರೆ, ಹೇರಿಗೆ ಹೇಸರಗತ್ತೆ ಎಂಬುದು ಇಲ್ಲಿನ ಹಳಬರ ರೂಢಿ. ನನಗೂ ಅದೇ ಹಿಡಿಸಿದೆ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಹೇಸರಗತ್ತೆಗೆ ಕಿರಿದಾದ ಗಟ್ಟಿ ಗೊರಸು, ನೇರವಾದ ಬೆನ್ನು ಮತ್ತು ಇಕ್ಕಟ್ಟಿನ ದಾರಿಯಲ್ಲಿ ಹೆಜ್ಜೆಯನ್ನು ಅಳೆದು ಇಡುವ ಸ್ವಭಾವ ಇರುತ್ತವೆ. ಅದು ಕುದುರೆಗಿಂತ ಹೆಚ್ಚು ವರ್ಷ ದುಡಿಯುತ್ತದೆ. ಇಪ್ಪತ್ತು ದಾಟಿದ ಹೇಸರಗತ್ತೆಗಳು ಹೇರು ಹೊತ್ತು ಬೆಟ್ಟ ಹತ್ತುವುದು ಇಲ್ಲಿ ಅಪರೂಪವಲ್ಲ. ಜನ ಅದರ ಮೊಂಡುತನವೆಂದು ಕರೆಯುವುದು ಹೆಚ್ಚಿನ ಸಲ ಅದರ ಎಚ್ಚರವೇ ಆಗಿರುತ್ತದೆ. ಕೆಸರಿನ ಮುಂದೆ ಹೇಸರಗತ್ತೆ ನಿಂತರೆ, ಹೊಡೆಯುವ ಮೊದಲು ನಾನು ಇಳಿದು ನೆಲ ನೋಡುತ್ತೇನೆ.

ಅದರ ಇನ್ನೊಂದು ಗುಣವನ್ನು ತಿಳಿದಿರಬೇಕು. ಹೇಸರಗತ್ತೆಗಳು ಹೆಣ್ಣು ಕುದುರೆಯೊಂದಕ್ಕೆ ಬಲವಾಗಿ ಅಂಟಿಕೊಳ್ಳುತ್ತವೆ. ಆ ಕುದುರೆಯ ಕೊರಳಿಗೆ ಗಂಟೆ ಕಟ್ಟಿದರೆ ಉಳಿದವು ಅದರ ಸದ್ದಿನ ಅಳತೆಯಲ್ಲೇ ಮೇಯುತ್ತವೆ. ರಾತ್ರಿ ಬಿಡಾರದಲ್ಲಿ ಆ ಒಂದು ಕುದುರೆಯನ್ನು ಭದ್ರವಾಗಿ ಕಟ್ಟಿದರೆ ಅರ್ಧ ಚಿಂತೆ ಕಳೆಯಿತು.

ಬೆಂಗಳೂರಿನಲ್ಲಿ ಆರು ತಿಂಗಳು ಸವಾರಿ ಕಲಿತಿದ್ದೇನೆ. ಅಷ್ಟು ಸಾಕೇ?

ಕೂರುವ ಕ್ರಮ ಬಂದಿದ್ದರೆ ಅದು ಒಳ್ಳೆಯ ಆರಂಭ, ಆದರೆ ಸಾಲದು. ಬೇಲಿ ಹಾಕಿದ ಸಮತಟ್ಟಾದ ಅಂಗಳದಲ್ಲಿ ಕಲಿಯುವ ವಿದ್ಯೆಗೂ, ಬಿದ್ದ ಮರಗಳನ್ನು ದಾಟುತ್ತ, ಒಂದು ಕೈಯಲ್ಲಿ ಲಗಾಮು ಮತ್ತು ಇನ್ನೊಂದರಲ್ಲಿ ಹಿಂದಿನ ಪ್ರಾಣಿಯ ಹಗ್ಗ ಹಿಡಿದು, ಕತ್ತಲಲ್ಲಿ ಇಳಿಜಾರು ಇಳಿಯುವ ವಿದ್ಯೆಗೂ ಬಹಳ ಅಂತರವಿದೆ. ಬೇಸಿಗೆಯಲ್ಲಿ ಬಂದೂಕಿಲ್ಲದೆ ಎರಡು ಮೂರು ಸಲ ರಾತ್ರಿ ತಂಗುವ ಪ್ರವಾಸ ಮಾಡಿ. 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಆರಂಭವಾದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘಟನೆಯ ಶಾಖೆಗಳು ಈಗ ಹಲವು ರಾಜ್ಯಗಳಲ್ಲಿವೆ. ಅವರು ಕಾಡಿನ ದಾರಿಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಸ್ವಯಂಸೇವಕರಾಗಿ ಹೋಗುತ್ತಾರೆ. ಅಲ್ಲಿ ಒಂದು ಬೇಸಿಗೆ ಕಳೆದರೆ ಗಂಟು ಹಾಕುವುದರಿಂದ ಹಿಡಿದು ಎರಡಾಳಿನ ಗರಗಸ ಎಳೆಯುವವರೆಗೆ ಕಲಿಯುವಿರಿ. ವೈಲ್ಡರ್‌ನೆಸ್‌ನೊಳಗೆ ಯಂತ್ರದ ಗರಗಸಕ್ಕೂ ಅನುಮತಿಯಿಲ್ಲ, ಅದನ್ನು ಮರೆಯಬೇಡಿ.

ಸ್ವಂತ ಪ್ರಾಣಿ ಸಾಕಬೇಕೇ, ಬಾಡಿಗೆಗೆ ಪಡೆಯಬಹುದೇ?

ಮೂರು ದಾರಿಗಳಿವೆ. ಪರವಾನಗಿ ಇರುವ ಔಟ್‌ಫಿಟರ್, ಅಂದರೆ ಬೇಟೆ ಪ್ರವಾಸಗಳನ್ನು ನಡೆಸಿಕೊಡುವ ವೃತ್ತಿಯವರ, ಜೊತೆ ಪೂರ್ಣ ಮಾರ್ಗದರ್ಶನದ ಬೇಟೆಗೆ ಹೋಗುವುದು ಒಂದು. ಔಟ್‌ಫಿಟರ್ ನಿಮ್ಮನ್ನೂ ಸಾಮಾನನ್ನೂ ಬಿಡಾರಕ್ಕೆ ಮುಟ್ಟಿಸಿ, ಗೊತ್ತಾದ ದಿನ ಮರಳಿ ಬಂದು ಮಾಂಸದೊಡನೆ ಕರೆದೊಯ್ಯುವುದು ಎರಡನೆಯದು. ಇದಕ್ಕೆ ಡ್ರಾಪ್ ಕ್ಯಾಂಪ್ ಎನ್ನುತ್ತಾರೆ. ನೀವೇ ಪ್ರಾಣಿಗಳನ್ನು ಸಾಕುವುದು ಅಥವಾ ಬಾಡಿಗೆಗೆ ತರುವುದು ಮೂರನೆಯದು.

ಹೊಸಬರಿಗೆ ನಾನು ಹೇಳುವುದು ಎರಡನೆಯ ದಾರಿ. ಬಾಡಿಗೆಯ ಕುದುರೆ ನಿಮಗೆ ಅಪರಿಚಿತ, ನೀವು ಅದಕ್ಕೆ ಅಪರಿಚಿತರು, ಬೆಟ್ಟ ಇಬ್ಬರಿಗೂ ಅಪರಿಚಿತ. ಸ್ವಂತ ಪ್ರಾಣಿಗಳೆಂದರೆ ಹತ್ತು ದಿನದ ಬೇಟೆಗಾಗಿ 365 ದಿನದ ಸಾಕಣೆ. ಹುಲ್ಲು, ಲಾಳ, ವೈದ್ಯ, ಟ್ರೈಲರ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ಆ ಹಣದಲ್ಲಿ ಹಲವು ವರ್ಷ ಡ್ರಾಪ್ ಕ್ಯಾಂಪ್‌ಗೆ ಹೋಗಬಹುದು. ಪ್ರಾಣಿಗಳ ಮೇಲಿನ ಪ್ರೀತಿ ಇಲ್ಲದವರು ಬೇಟೆಯ ಕಾರಣಕ್ಕೆ ಮಾತ್ರ ಅವನ್ನು ಸಾಕಬಾರದು.

ವಯೋಮಿಂಗ್‌ನಲ್ಲಿ ಒಂದು ವಿಶೇಷ ನಿಯಮವಿದೆ. ಆ ರಾಜ್ಯದ ನಿವಾಸಿಯಲ್ಲದವರು ವೈಲ್ಡರ್‌ನೆಸ್ ಪ್ರದೇಶದಲ್ಲಿ ಎಲ್ಕ್‌ನಂಥ ದೊಡ್ಡ ಪ್ರಾಣಿಯ ಬೇಟೆಗೆ ಹೋಗಬೇಕಾದರೆ ಪರವಾನಗಿ ಇರುವ ಮಾರ್ಗದರ್ಶಕ ಅಥವಾ ಅದಕ್ಕಾಗಿ ಅನುಮತಿ ಪಡೆದ ಸ್ಥಳೀಯ ನಿವಾಸಿ ಜೊತೆಗಿರಲೇಬೇಕು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಹಿಡಿಯಬಹುದೇ?

ವಲಸಿಗೇತರ ವೀಸಾದಲ್ಲಿರುವವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ಅದರಲ್ಲೇ ವಿನಾಯಿತಿಯಿದೆ. ಪರವಾನಗಿಯ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ. ಇದು ವೀಸಾಕ್ಕೇ ಸಂಚಕಾರ ತರಬಲ್ಲ ವಿಷಯವಾದ್ದರಿಂದ, ಸ್ನೇಹಿತರ ಮಾತನ್ನೂ ಈ ಪುಟವನ್ನೂ ನಂಬಿ ಹೊರಡದೆ ವಕೀಲರನ್ನು ಕೇಳಿ. ಬೇಟೆ ಶಿಕ್ಷಣದ ಪ್ರಮಾಣಪತ್ರವೂ ಬೇಕು: ಕೊಲೊರಾಡೋದಲ್ಲಿ 1949ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದ ಎಲ್ಲರಿಗೂ ಅದು ಕಡ್ಡಾಯ.

ಪ್ರಾಣಿಗಳನ್ನು ಯಾವಾಗಿನಿಂದ ಸಜ್ಜುಗೊಳಿಸಬೇಕು?

ಬೇಟೆ ಸೆಪ್ಟೆಂಬರ್‌ನಲ್ಲಿದ್ದರೆ ಕೆಲಸ ಮೇ ತಿಂಗಳಲ್ಲೇ ಆರಂಭವಾಗಬೇಕು. ಚಳಿಗಾಲವಿಡೀ ಹುಲ್ಲು ಮೇದು ನಿಂತ ಕುದುರೆಯನ್ನು ನೇರವಾಗಿ 2,500 ಮೀಟರ್ ಎತ್ತರಕ್ಕೆ ಹತ್ತಿಸುವುದು ಕ್ರೌರ್ಯವೇ ಸರಿ. ವಾರಕ್ಕೆ ಮೂರು ನಾಲ್ಕು ದಿನ ನಡೆಸಿ, ಏರು ದಾರಿಯನ್ನು ಮೆಲ್ಲಗೆ ಹೆಚ್ಚಿಸಿ, ಜುಲೈ ಹೊತ್ತಿಗೆ ಹಗುರ ಹೇರು ಹಾಕಿ ಅಭ್ಯಾಸ ಮಾಡಿಸಬೇಕು. ನಾಡಿ ನೋಡುವುದನ್ನು ಕಲಿಯಿರಿ. ವಿಶ್ರಾಂತಿಯಲ್ಲಿರುವ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44 ಇರುತ್ತದೆ. ಕಡಿದಾದ ಏರಿನ ನಂತರ ಹತ್ತು ಹದಿನೈದು ನಿಮಿಷ ನಿಲ್ಲಿಸಿದಾಗ ಅದು 60ರ ಆಸುಪಾಸಿಗೆ ಇಳಿಯದಿದ್ದರೆ ಆ ಪ್ರಾಣಿ ಇನ್ನೂ ಸಿದ್ಧವಾಗಿಲ್ಲ.

ದೇಹದಷ್ಟೇ ಮುಖ್ಯವಾದದ್ದು ಅಂಜಿಕೆ ಬಿಡಿಸುವುದು. ಕುದುರೆ ಹುಲ್ಲು ತಿನ್ನುವ, ಬೇಟೆಗೆ ಗುರಿಯಾಗಿ ಓಡಿ ಬದುಕಿದ ಪ್ರಾಣಿ; ರಕ್ತದ ವಾಸನೆ ಬಂದರೆ ಓಡಬೇಕೆಂದು ಅದರ ಹುಟ್ಟುಗುಣವೇ ಹೇಳುತ್ತದೆ. ಆದ್ದರಿಂದ ಹಳೆಯ ಎಲ್ಕ್ ಚರ್ಮವನ್ನು ಅದರ ಮೇವಿನ ಜಾಗದ ಬಳಿ ನೇತುಹಾಕಿ, ತಾನಾಗಿಯೇ ಬಂದು ಮೂಸುವವರೆಗೆ ಕಾಯುತ್ತೇವೆ. ಅದಾದ ಮೇಲೆ ಚರ್ಮವನ್ನು ಬೆನ್ನ ಮೇಲೆ ಉಜ್ಜುವುದು, ಹೇರುಜೀನಿನ ಮೇಲೆ ಒಣಗಿದ ಕೊಂಬುಗಳನ್ನು ಕಟ್ಟಿ ಅಂಗಳದಲ್ಲಿ ನಡೆಸುವುದು, ಟಾರ್ಪಾಲು ಪಟಪಟನೆ ಬಡಿಯುವಾಗ ನಿಲ್ಲಿಸುವುದು. ಬಂದೂಕಿನ ಸದ್ದಿಗೂ ಹೀಗೆಯೇ, ದೂರದಿಂದ ಹತ್ತಿರಕ್ಕೆ ತರಬೇಕು. ನಾಲ್ಕು ತಿಂಗಳ ಈ ತಾಳ್ಮೆಯನ್ನು ಬಿಟ್ಟವರಿಗೆ ಬೆಟ್ಟದ ಮೇಲೆ, ಕತ್ತಲಾಗುವ ಹೊತ್ತಿಗೆ, ಅದೇ ಪಾಠವನ್ನು ಹತ್ತು ನಿಮಿಷದಲ್ಲಿ ಕಲಿಸಬೇಕಾಗಿ ಬರುತ್ತದೆ, ಮತ್ತು ಅದು ಸಾಧ್ಯವಾಗುವುದಿಲ್ಲ.

ಒಂದು ಪ್ರಾಣಿಯ ಮೇಲೆ ಎಷ್ಟು ಹೇರಬಹುದು? ಹೇಗೆ ಹೇರಬೇಕು?

ಮೈತೂಕದ ಐದನೇ ಒಂದು ಭಾಗ, ಅಂದರೆ 20 ಶೇಕಡಾ, ಮೀರಬಾರದೆಂಬುದು ಸಾಮಾನ್ಯ ಸೂತ್ರ. 450 ಕಿಲೋ ತೂಗುವ ಹೇಸರಗತ್ತೆಗೆ ಹೇರುಜೀನೂ ಸೇರಿ 90 ಕಿಲೋ. ನಾನು 70 ದಾಟಿಸುವುದಿಲ್ಲ. ಸವಾರ ಏರಿನಲ್ಲಿ ಮುಂದಕ್ಕೆ ಬಾಗುತ್ತಾನೆ, ಇಳಿಜಾರಿನಲ್ಲಿ ಹಿಂದಕ್ಕೆ ವಾಲುತ್ತಾನೆ, ಕೆಟ್ಟ ಜಾಗದಲ್ಲಿ ಇಳಿದು ನಡೆಯುತ್ತಾನೆ. ಕಟ್ಟಿದ ಹೇರು ಇದಾವುದನ್ನೂ ಮಾಡುವುದಿಲ್ಲ. ಅದು ದಿನವಿಡೀ ಒಂದೇ ಕಡೆ ಒತ್ತುತ್ತಲೇ ಇರುತ್ತದೆ.

ಕರ್ನಾಟಕದಲ್ಲಿ ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ಸಾಗುತ್ತಿದ್ದ ಕಾಲದಲ್ಲಿ ಬೆನ್ನಿನ ಎರಡೂ ಬದಿಗೆ ಇಳಿಬೀಳುವ ಜೋಡಿಚೀಲಕ್ಕೆ ಕಂಟಲೆ ಎನ್ನುತ್ತಿದ್ದರು. ಇಲ್ಲಿನ ಪ್ಯಾನಿಯರ್ ಕೂಡ ಅದೇ ತತ್ವದ ವಸ್ತು. ಎಡಬಲಗಳು ಸಮನಾಗಿರುವುದೇ ಅದರ ಪ್ರಾಣ. ನಾನು ಪ್ರತಿ ಜೋಡಿಯನ್ನೂ ತೂಗುವ ಕೊಕ್ಕೆಗೆ ಹಾಕಿ ನೋಡುತ್ತೇನೆ. ಅರ್ಧ ಕಿಲೋ ವ್ಯತ್ಯಾಸವಿದ್ದರೂ ಒಂದು ಕಲ್ಲನ್ನೋ ಕೊಡಲಿಯನ್ನೋ ಅತ್ತ ಇತ್ತ ಮಾಡಿ ಸರಿಪಡಿಸುತ್ತೇನೆ. ಹೇರು ಒಂದು ಬದಿಗೆ ಜಾರಿದರೆ ಜೀನು ತಿರುಗಿ ಹೊಟ್ಟೆಯ ಕೆಳಗೆ ಬರುತ್ತದೆ. ಪ್ರಾಣಿ ಬೆದರಿ ಒದೆಯುತ್ತ ಓಡುತ್ತದೆ. ಉಳಿದದ್ದನ್ನು ವಿವರಿಸುವ ಅಗತ್ಯವಿಲ್ಲ.

ಹೇರುಜೀನುಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಮರದ ಅಡ್ಡಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಕೂಡಿರುವುದು ಸಾಬಕ್. ಪ್ಯಾನಿಯರ್‌ಗಳ ಕುಣಿಕೆಯನ್ನು ಅದರ ಕವಲಿಗೆ ಸಿಕ್ಕಿಸುತ್ತಾರೆ. ಕಬ್ಬಿಣದ ಬಳೆಗಳಿರುವುದು ಡೆಕ್ಕರ್. ಕ್ಯಾನ್ವಾಸಿನಲ್ಲಿ ಸುತ್ತಿದ ಹೊರೆಗಳನ್ನು ಅದಕ್ಕೆ ಹಗ್ಗದಲ್ಲಿ ತೂಗುಹಾಕುತ್ತಾರೆ. ವಿಚಿತ್ರ ಆಕಾರದ ಸಾಮಾನಿಗೆ ಮತ್ತು ಎಲ್ಕ್‌ನ ತೊಡೆಗಳಿಗೆ ಡೆಕ್ಕರ್ ಸಲೀಸು. ಹೊಸಬರಿಗೆ ಸಾಬಕ್ ಬೇಗ ಕೈಗೆ ಹತ್ತುತ್ತದೆ. ಜೀನು ಯಾವುದೇ ಆದರೂ ಎದೆಪಟ್ಟಿ ಮತ್ತು ತೊಡೆಯ ಹಿಂದೆ ಹಾಯುವ ಹಿಂಪಟ್ಟಿ ಎರಡೂ ಇರಲೇಬೇಕು. ಏರಿನಲ್ಲಿ ಹೇರು ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಜಾರದಂತೆ ಹಿಡಿಯುವವು ಅವೇ. ಹೊರಟ ಅರ್ಧ ಗಂಟೆಗೆ ನಿಂತು ಹೊಟ್ಟೆಪಟ್ಟಿಯನ್ನು ಮತ್ತೆ ಬಿಗಿಯಿರಿ, ಏಕೆಂದರೆ ಕಟ್ಟುವಾಗ ಪ್ರಾಣಿ ಉಸಿರು ತುಂಬಿಕೊಂಡಿರುತ್ತದೆ.

ಹಲವು ಪ್ರಾಣಿಗಳನ್ನು ಒಂದರ ಹಿಂದೊಂದು ಕಟ್ಟುವುದು ಹೇಗೆ?

ಹಿಂದಿನ ಪ್ರಾಣಿಯ ಹಗ್ಗವನ್ನು ಮುಂದಿನದರ ಜೀನಿಗೆ ನೇರವಾಗಿ ಕಟ್ಟಬಾರದು. ಜೀನಿನ ಹಿಂಭಾಗಕ್ಕೆ ಸುಮಾರು 6 ಮಿಲಿಮೀಟರ್ ದಪ್ಪದ ನಾರಿನ ಹಗ್ಗದ ಕುಣಿಕೆ ಹಾಕಿ, ಅದಕ್ಕೆ ಕಟ್ಟಬೇಕು. ಇಲ್ಲಿನವರು ಇದನ್ನು ಪಿಗ್‌ಟೇಲ್ ಎನ್ನುತ್ತಾರೆ. ಒಂದು ಪ್ರಾಣಿ ಕಾಲುಜಾರಿ ಬಿದ್ದರೆ ಆ ಕುಣಿಕೆ ಹರಿಯಬೇಕು, ಹರಿಯಲೆಂದೇ ಅದನ್ನು ಹಾಕುವುದು.

ಇದನ್ನು ನಾನು ಬೆಲೆ ತೆತ್ತು ಕಲಿತೆ. ಎರಡನೆಯ ವರ್ಷದ ಬೇಟೆಯಲ್ಲಿ, ನಾರಿನ ಹಗ್ಗ ಮುಗಿದಿತ್ತೆಂದು ಕೈಗೆ ಸಿಕ್ಕ ನೈಲಾನ್ ಹಗ್ಗದಲ್ಲಿ ಕುಣಿಕೆ ಮಾಡಿದೆ. ಒದ್ದೆ ಬಂಡೆಯ ಮೇಲೆ ಕೊನೆಯ ಹೇಸರಗತ್ತೆಯ ಹಿಂಗಾಲು ದಾರಿಯಂಚಿನಿಂದ ಜಾರಿತು. ನೈಲಾನ್ ಹರಿಯಲಿಲ್ಲ. ಅದರ ಮುಂದಿದ್ದ ಹೆಣ್ಣು ಕುದುರೆ ನಾಲ್ಕೂ ಕಾಲನ್ನು ನೆಲಕ್ಕೆ ಊರಿ ಒಂದು ಕ್ಷಣ ತಡೆದು ನಿಂತಿತು. ಅದರ ಗೊರಸುಗಳು ಬಂಡೆಯನ್ನು ಕೆರೆಯುತ್ತ ಹಿಂದೆ ಸರಿಯುವುದನ್ನು ನೋಡುತ್ತ ನಾನು ಚಾಕು ತಡಕುತ್ತಿದ್ದೆ. ಎರಡೂ ಒಟ್ಟಿಗೆ ಉರುಳಿದವು. ಹೇರೇ ಮೆತ್ತೆಯಂತೆ ಕಾದಿದ್ದರಿಂದ ಎರಡೂ ಬದುಕಿದವು, ಆದರೆ ಕುದುರೆಯ ಭುಜದ ಗಾಯ ಮಾಗಲು ಚಳಿಗಾಲ ಪೂರ್ತಿ ಹಿಡಿಯಿತು. ತಪ್ಪು ನನ್ನದೇ. ಈಗ ನನ್ನ ಜೀನಿನ ಚೀಲದಲ್ಲಿ ನಾರಿನ ಹಗ್ಗದ ಸುರುಳಿ ಯಾವಾಗಲೂ ಇರುತ್ತದೆ, ಚಾಕು ಸೊಂಟದ ಪಟ್ಟಿಯಲ್ಲಿರುತ್ತದೆ.

ಮೇವು, ನೀರು ಮತ್ತು ರಾತ್ರಿಯ ಕಟ್ಟು?

ಕುದುರೆಗೆ ದಿನಕ್ಕೆ ಮೈತೂಕದ 2 ಶೇಕಡಾದಷ್ಟು ಒಣಮೇವು ಬೇಕು, ಅಂದರೆ 500 ಕಿಲೋ ಕುದುರೆಗೆ ಸುಮಾರು 10 ಕಿಲೋ. ಎಲ್ಲವನ್ನೂ ಹೊತ್ತೊಯ್ಯಲು ಹೋದರೆ ಮೇವು ಹೊರುವುದಕ್ಕೇ ಇನ್ನಷ್ಟು ಪ್ರಾಣಿಗಳು ಬೇಕಾಗುತ್ತವೆ. ಆದ್ದರಿಂದ ಬೆಟ್ಟದ ಹುಲ್ಲುಗಾವಲೇ ಮುಖ್ಯ ಆಧಾರ, ಜೊತೆಗೆ ಗುಳಿಗೆ ರೂಪದ ಮೇವು. ಮೊಂಟಾನಾ, ವಯೋಮಿಂಗ್, ಐಡಾಹೋ ಮತ್ತು ಕೊಲೊರಾಡೋಗಳ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜವಿಲ್ಲವೆಂದು ದೃಢೀಕರಿಸಿದ ಮೇವನ್ನು ಮಾತ್ರ ಒಯ್ಯಬೇಕು. ಹೊರಡುವ ಮೂರು ನಾಲ್ಕು ದಿನ ಮೊದಲೇ ಮನೆಯಲ್ಲಿ ಅದನ್ನು ಹಾಕಲಾರಂಭಿಸಿದರೆ ಸಗಣಿಯೊಡನೆ ಕಳೆಬೀಜ ಕಾಡು ಸೇರುವುದಿಲ್ಲ, ಮೇವು ದಿಢೀರನೆ ಬದಲಾಗಿ ಹೊಟ್ಟೆಶೂಲೆ ಬರುವ ಅಪಾಯವೂ ತಗ್ಗುತ್ತದೆ.

ರಾತ್ರಿ ಎರಡು ಮರಗಳ ನಡುವೆ ತಲೆಗಿಂತ ಎತ್ತರದಲ್ಲಿ, ಸುಮಾರು ಎರಡು ಮೀಟರ್ ಮೇಲೆ, ಬಿಗಿಯಾಗಿ ಎಳೆದ ಹಗ್ಗಕ್ಕೆ ಪ್ರಾಣಿಗಳನ್ನು ಅಂತರ ಬಿಟ್ಟು ಕಟ್ಟುತ್ತೇವೆ. ಇದಕ್ಕೆ ಹೈಲೈನ್ ಎಂದು ಹೆಸರು. ಮರದ ತೊಗಟೆ ಸವೆಯದಂತೆ ಅಗಲವಾದ ಪಟ್ಟಿ ಸುತ್ತಬೇಕು, ನೀರಿನಿಂದ ಕನಿಷ್ಠ 60 ಮೀಟರ್ ದೂರವಿರಬೇಕು, ನೆಲ ಗಟ್ಟಿಯಾಗಿರಬೇಕು. ಮರಕ್ಕೇ ಕಟ್ಟಿದರೆ ಕುದುರೆ ರಾತ್ರಿಯಿಡೀ ಗೊರಸಿನಿಂದ ಕೆರೆದು ಬೇರು ಹೊರಹಾಕುತ್ತದೆ, ಮತ್ತು ಆ ಮರ ಕೆಲವೇ ವರ್ಷಗಳಲ್ಲಿ ಒಣಗುತ್ತದೆ. ಹೊರಡುವ ದಿನ ಸಗಣಿ ಚೆಲ್ಲಾಡಿ, ಕೆರೆದ ಗುಂಡಿ ಮುಚ್ಚಿ ಹೋಗುವುದು ನಮ್ಮ ಹೊಣೆ. ಪ್ರಾಣಿಗಳ ಸಂಖ್ಯೆಗೂ ಮಿತಿಯಿದೆ. ಬಾಬ್ ಮಾರ್ಷಲ್‌ನಲ್ಲಿ ಒಂದು ತಂಡಕ್ಕೆ 15 ಜನ, 35 ಪ್ರಾಣಿಗಳು. ಇಷ್ಟು ದೊಡ್ಡ ತಂಡದ ಅಗತ್ಯ ನನಗೆಂದೂ ಕಂಡಿಲ್ಲ.

ಕುದುರೆಯ ಮೇಲೆ ಕುಳಿತೇ ಬೇಟೆಯಾಡುತ್ತಾರೆಯೇ?

ಇಲ್ಲ. ಕುದುರೆ ನಿಮ್ಮನ್ನು ಕತ್ತಲಿರುವಾಗಲೇ ಬೇಟೆಯ ಜಾಗದ ಹತ್ತಿರಕ್ಕೆ ಒಯ್ಯುತ್ತದೆ. ಅಲ್ಲಿಂದ ಮುಂದೆ ಕಾಲ್ನಡಿಗೆ. ಜೀನಿಗೆ ಕಟ್ಟಿದ ಬಂದೂಕಿನ ಗುಂಡುಮನೆ ಖಾಲಿ ಇರಬೇಕು, ಮತ್ತು ಕುದುರೆಯಿಂದ ಇಳಿದ ಕೂಡಲೇ ಬಂದೂಕನ್ನು ಹೊರಗೆ ತೆಗೆಯಬೇಕು. ಬಂದೂಕಿನ ಸಮೇತ ಕುದುರೆ ಓಡಿಹೋದ ಕಥೆಗಳು ಈ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ರೈಫಲ್ ಋತುವಿನಲ್ಲಿ ಬೇಟೆಗಾರ ಉಜ್ವಲ ಕಿತ್ತಳೆ ಬಣ್ಣದ ಬಟ್ಟೆ ತೊಡುವುದು ಹಲವು ರಾಜ್ಯಗಳಲ್ಲಿ ಕಡ್ಡಾಯ, ಮೊಂಟಾನಾದಲ್ಲಿ ಕನಿಷ್ಠ 400 ಚದರ ಇಂಚು. ಕಂದು ಬಣ್ಣದ ಕುದುರೆಗೂ ಹಾಗೊಂದು ಬಟ್ಟೆ ಕಟ್ಟುವುದು ಕಾನೂನಿಗಾಗಿ ಅಲ್ಲ, ಅದರ ಜೀವಕ್ಕಾಗಿ.

ಎಲ್ಕ್ ಬಿದ್ದ ಮೇಲೆ ಕೆಲಸದ ಕ್ರಮವೇನು?

ಮೊದಲ ಶತ್ರು ಬಿಸಿ. ಎಲ್ಕ್‌ನ ಚರ್ಮ ದಪ್ಪ, ತುಪ್ಪಳ ದಟ್ಟ. ಹಿಮ ಬೀಳುವ ಚಳಿಯಲ್ಲೂ ಇಡಿಯಾಗಿ ಬಿಟ್ಟರೆ ತೊಡೆಯ ಮೂಳೆಯ ಸುತ್ತ ಮಾಂಸ ಒಳಗಿನಿಂದಲೇ ಹುಳಿಯುತ್ತದೆ. ಆದ್ದರಿಂದ ತಡಮಾಡದೆ ಚರ್ಮ ಸುಲಿದು, ಎರಡು ಹಿಂದೊಡೆ, ಎರಡು ಮುಂದೊಡೆ, ಬೆನ್ನಿನ ಮಾಂಸ ಮತ್ತು ಕುತ್ತಿಗೆಯ ಮಾಂಸವನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಚೀಲಗಳಲ್ಲಿ ಹಾಕಿ ನೆರಳಿನಲ್ಲಿ ನೇತುಹಾಕಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಂಡೋ ಹೆಣ್ಣೋ ಎಂಬುದರ ಗುರುತನ್ನು ಮಾಂಸಕ್ಕೆ ಅಂಟಿಕೊಂಡಂತೆಯೇ ಉಳಿಸಬೇಕೆಂದು ಕಾನೂನು ಹೇಳುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ.

ಮೂಳೆ ಬಿಡಿಸಬೇಕೇ ಬೇಡವೇ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಬೆನ್ನ ಮೇಲೆ ಹೊರುವವರಿಗೆ ಬಿಡಿಸುವುದೇ ಸರಿ. ಹೇರು ಪ್ರಾಣಿಗಳಿದ್ದರೆ ನಾನು ತೊಡೆಗಳನ್ನು ಮೂಳೆ ಸಮೇತ ಇಡುತ್ತೇನೆ. ಮೂಳೆ ಇಲ್ಲದ ಮಾಂಸ ಚೀಲದಲ್ಲಿ ಕುಸಿದು ತಳಕ್ಕೆ ಜಾರುತ್ತದೆ. ಮೂಳೆ ಇರುವ ತೊಡೆ ಗಟ್ಟಿಯಾಗಿ, ಕಟ್ಟಿದಲ್ಲೇ ನಿಲ್ಲುತ್ತದೆ. ಒಂದು ಪ್ರಾಣಿಯ ಎರಡು ಹಿಂದೊಡೆಗಳು ಸರಿಸುಮಾರು ಒಂದೇ ತೂಕವಿರುವುದರಿಂದ ಅವು ಒಂದು ಹೇಸರಗತ್ತೆಗೆ. ಮುಂದೊಡೆಗಳು ಮತ್ತು ಉಳಿದ ಮಾಂಸ ಇನ್ನೊಂದಕ್ಕೆ. ಒಂದು ಎಲ್ಕ್‌ಗೆ ಎರಡು ಹೇರು ಪ್ರಾಣಿ ಎಂದು ಲೆಕ್ಕ ಹಾಕಿಕೊಂಡರೆ ಮೋಸವಿಲ್ಲ.

ಹೇರುವ ಗಳಿಗೆಯಲ್ಲಿ ಇಬ್ಬರು ಬೇಕು. ಪ್ರಾಣಿಯನ್ನು ಕಳೇಬರದ ಪಕ್ಕಕ್ಕೇ ತರಬೇಡಿ. ಐವತ್ತು ಹೆಜ್ಜೆ ದೂರದಲ್ಲಿ, ಗಾಳಿ ಅದರ ಕಡೆಯಿಂದ ಬೀಸುವಂತೆ ನಿಲ್ಲಿಸಿ. ಒಬ್ಬರು ತಲೆಯ ಬಳಿ ನಿಂತು ಹಗ್ಗ ಹಿಡಿದು ಮಾತಾಡಿಸುತ್ತಿರಬೇಕು. ನನ್ನ ಹಳೆಯ ಹೇಸರಗತ್ತೆ ಹತ್ತಾರು ಸಲ ಮಾಂಸ ಹೊತ್ತಿದೆ. ಆದರೂ ಮೊದಲ ತೊಡೆ ಹತ್ತಿರ ಬಂದಾಗ ಅದರ ಮೂಗಿನ ಹೊಳ್ಳೆ ಅರಳುತ್ತದೆ, ಒಂದು ಕಿವಿ ಮುಂದಕ್ಕೂ ಇನ್ನೊಂದು ನನ್ನ ಕಡೆಗೂ ತಿರುಗುತ್ತದೆ, ಪಕ್ಕೆಯ ಚರ್ಮ ನೊಣ ಕೂತಂತೆ ಅದುರುತ್ತದೆ. ಚೀಲವನ್ನು ಅದರ ಮೂತಿಯ ಬಳಿ ಹಿಡಿದು ಮೂಸಲು ಬಿಡುತ್ತೇನೆ. ಅದು ದೀರ್ಘವಾಗಿ ಉಸಿರು ಬಿಟ್ಟು ಕಿವಿಗಳನ್ನು ಸಡಿಲಿಸಿದ ಮೇಲೆಯೇ ತೊಡೆ ಮೇಲೇರುತ್ತದೆ. ಒಂದು ಬದಿ ಕಟ್ಟಿದ ಮೇಲೆ ಇನ್ನೊಂದು ಬದಿಯ ಹೊರೆ ಏರುವವರೆಗೆ ಯಾರಾದರೂ ಮೊದಲನೆಯದನ್ನು ಹೆಗಲಿನಿಂದ ಎತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಜೀನು ತಿರುಗುತ್ತದೆ.

ಕೊಂಬುಗಳು ಕೊನೆಗೆ. ತುದಿಗಳು ಪ್ರಾಣಿಯ ಮೈಗೆ ಚುಚ್ಚದಂತೆ, ಹಿಂದಕ್ಕೆ ಚಾಚುವಂತೆ ಹೇರಿನ ಮೇಲೆ ಇಟ್ಟು, ತುದಿಗಳಿಗೆ ಗೋಣಿಬಟ್ಟೆ ಸುತ್ತಿ, ಉದ್ದಕ್ಕೂ ಕಿತ್ತಳೆ ಪಟ್ಟಿ ಕಟ್ಟಬೇಕು. ದೂರದಿಂದ ನೋಡುವ ಇನ್ನೊಬ್ಬ ಬೇಟೆಗಾರನಿಗೆ ಮರಗಳ ನಡುವೆ ಕಾಣುವುದು ಕೊಂಬು ಮಾತ್ರ.

ಕರಡಿಗಳ ಭಯವಿದೆಯೇ?

ಮೊಂಟಾನಾ, ವಯೋಮಿಂಗ್ ಮತ್ತು ಐಡಾಹೋದ ಭಾಗಗಳಲ್ಲಿ ಗ್ರಿಜ್ಲಿ ಕರಡಿಗಳಿವೆ. ಕೊಲೊರಾಡೋದಲ್ಲಿ ಕೊನೆಯ ಗ್ರಿಜ್ಲಿ ಸತ್ತದ್ದು 1979ರಲ್ಲಿ. ಈಗ ಅಲ್ಲಿರುವುದು ಕಪ್ಪು ಕರಡಿ. ಗ್ರಿಜ್ಲಿ ಇರುವ ಕಡೆ ಮಾಂಸವನ್ನು ರಾತ್ರಿ ಬಿಟ್ಟು ಬರುವುದಾದರೆ, ಕರುಳಿನ ರಾಶಿಯಿಂದ ಕನಿಷ್ಠ ನೂರು ಮೀಟರ್ ದೂರ, ಬಯಲಿನಲ್ಲಿ ದೂರದಿಂದಲೇ ಕಾಣುವಂತೆ ನೇತುಹಾಕಿ. ಮರಳಿ ಬರುವಾಗ ಗಟ್ಟಿಯಾಗಿ ಮಾತಾಡುತ್ತ ಬನ್ನಿ, ಎತ್ತರದ ಜಾಗದಿಂದ ದುರ್ಬೀನಿನಲ್ಲಿ ನೋಡಿ. ಕರಡಿ ಹಕ್ಕು ಸ್ಥಾಪಿಸಿದ್ದರೆ ಮಾಂಸವನ್ನು ಅದಕ್ಕೇ ಬಿಟ್ಟು ಅಧಿಕಾರಿಗಳಿಗೆ ತಿಳಿಸಿ. ಕುದುರೆಯ ಗುಳಿಗೆ ಮೇವು ಕೂಡ ಕರಡಿಗೆ ಊಟವೇ, ಅದನ್ನೂ ಭದ್ರಪಡಿಸಬೇಕು. ಕರಡಿ ಸ್ಪ್ರೇ ಜೀನಿನಲ್ಲಿ ಬೇಡ, ನಿಮ್ಮ ಮೈಮೇಲಿರಲಿ. ಕರಡಿ ಕಂಡಾಗ ಮೊದಲು ಓಡುವುದು ಕುದುರೆ.

ಬೇರೆ ಅಪಾಯಗಳು?

ಸೆಪ್ಟೆಂಬರ್‌ನಲ್ಲಿ ನೆಲದ ಕಣಜದ ಗೂಡುಗಳು. ಮೊದಲ ಕುದುರೆ ಗೂಡು ತುಳಿದು ದಾಟುತ್ತದೆ, ಕಚ್ಚಿಸಿಕೊಳ್ಳುವುದು ಹಿಂದಿನವು. ಆಗ ನಿಲ್ಲದೆ, ಎಲ್ಲವನ್ನೂ ಜೋರಾಗಿ ಮುಂದಕ್ಕೆ ನಡೆಸಬೇಕು. ಲಾಳ ಕಳಚಿದರೆ ಹಾಕಲು ಗೊರಸಿನ ಬೂಟು, ಗಾಯಕ್ಕೆ ಪಟ್ಟಿ, ಹೊಟ್ಟೆಶೂಲೆಗೆ ವೈದ್ಯರು ಬರೆದುಕೊಟ್ಟ ಔಷಧ ಜೊತೆಗಿರಲಿ. ಮೇಲೇಳಲಾಗದಂತೆ ಕಾಲು ಮುರಿದ ಪ್ರಾಣಿಯ ಯಾತನೆಯನ್ನು ಕೊನೆಗಾಣಿಸುವ ಸಂದರ್ಭವೂ ಬರಬಹುದು. ಅದನ್ನು ಹೇಗೆ ಮಾಡಬೇಕೆಂದು ಮನೆಯಲ್ಲೇ ಪಶುವೈದ್ಯರಿಂದ ತಿಳಿದು ಹೊರಡಿ. ಅದಕ್ಕೆ ಮನಸ್ಸು ಗಟ್ಟಿಯಿಲ್ಲದವರು ಪ್ರಾಣಿಗಳನ್ನು ಅಷ್ಟು ದೂರ ಕರೆದೊಯ್ಯಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಲಾಮಾ ಅಥವಾ ಆಡುಗಳು ಆಗುವುದಿಲ್ಲವೇ?

ಲಾಮಾ ಸುಮಾರು 30 ಕಿಲೋ ಹೊರುತ್ತದೆ, ಕಡಿಮೆ ಮೇಯುತ್ತದೆ, ಸಾಕುವುದು ಸುಲಭ. ಸವಾರಿ ಬೇಡದವರಿಗೆ ಒಳ್ಳೆಯದು. ಆಡುಗಳಿಂದ ಬಿಗ್‌ಹಾರ್ನ್ ಕಾಡುಕುರಿಗಳಿಗೆ ನ್ಯುಮೋನಿಯಾ ಹರಡುವ ಆತಂಕವಿರುವುದರಿಂದ ಅವುಗಳಿಗೆ ಕೆಲವು ಕಡೆ ನಿರ್ಬಂಧವಿದೆ.

ಪ್ರಾಣಿಗಳಿಗೆ ಕಾಗದಪತ್ರ ಬೇಕೇ?

ರಾಜ್ಯದ ಗಡಿ ದಾಟುವುದಾದರೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಮತ್ತು ಕಾಗಿನ್ಸ್ ರಕ್ತಪರೀಕ್ಷೆಯ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಇದೆಯೇ ಎಂದು ನೋಡುವ ಪರೀಕ್ಷೆ) ವರದಿ ಬೇಕಾಗುತ್ತವೆ. ಪಶ್ಚಿಮದ ಹಲವು ರಾಜ್ಯಗಳಲ್ಲಿ ಒಡೆತನದ ಗುರುತಿಗೆ ಬ್ರ್ಯಾಂಡ್ (ಮೈಮೇಲಿನ ಬರೆಗುರುತು) ತಪಾಸಣೆಯೂ ಇದೆ.

ಬೇಟೆ ಮುಗಿದು ರಸ್ತೆಗೆ ಬಂದ ಮೇಲೆ?

ಮಾಂಸವನ್ನು ಇಳಿಸಿ ನೆರಳಿಗೆ ಸೇರಿಸಿದ ಕೂಡಲೇ ಪ್ರಾಣಿಗಳ ಕಡೆ ತಿರುಗಿ. ಹೇರುಜೀನನ್ನು ತೆಗೆದ ಮೇಲೆ ಬೆನ್ನ ಮೇಲೆ ಬೆವರಿನ ಗುರುತು ನೋಡಿ. ಎಲ್ಲ ಕಡೆ ಒದ್ದೆಯಾಗಿದ್ದು ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಜೀನು ಅತಿಯಾಗಿ ಒತ್ತಿದೆ. ಆ ಜಾಗವನ್ನು ಬೆರಳಿನಿಂದ ಮೃದುವಾಗಿ ಒತ್ತಿದಾಗ ಪ್ರಾಣಿ ಬೆನ್ನು ಕುಗ್ಗಿಸಿದರೆ ಕೆಲವು ವಾರ ಹೇರು ಹಾಕಬಾರದು. ಕಾಲುಗಳನ್ನು ಮೇಲಿನಿಂದ ಕೆಳಕ್ಕೆ ಸವರಿ ಊತವಿದೆಯೇ ನೋಡಿ, ಗೊರಸುಗಳ ಕಲ್ಲು ತೆಗೆಯಿರಿ, ಉಪ್ಪು ಮತ್ತು ನೀರು ಇಡಿ. ಟ್ರೈಲರ್ ಹತ್ತಿಸುವ ಮೊದಲು ಒಂದು ಗಂಟೆ ಹುಲ್ಲು ತಿನ್ನಲು ಬಿಡಿ. ಮನೆಗೆ ಫೋನು ಮಾಡುವುದಕ್ಕೂ, ಕೊಂಬಿನ ಜೊತೆ ಫೋಟೋ ತೆಗೆಸಿಕೊಳ್ಳುವುದಕ್ಕೂ ಆ ಒಂದು ಗಂಟೆಯಲ್ಲಿ ಸಮಯ ಸಿಗುತ್ತದೆ.